ಕೀನ್ಯಾದ ಹಳ್ಳಿಯ ಹೊಲಿಗೆ ಸಂಘಕ್ಕೆ ಎರಡು ವಾರ ಹೋಗಲಾ? ಹೋಗಿ ಬಂದವರು ಯಾರಾದರೂ ಇದ್ದೀರಾ?

ಹುಬ್ಬಳ್ಳಿ_ಹುಡುಗಿ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ, ಬೆಂಗಳೂರಿನಲ್ಲಿ ಬ್ಯಾಂಕ್ ಸಾಫ್ಟ್‌ವೇರ್ ಕೆಲಸ. ಏಪ್ರಿಲ್‌ನಲ್ಲಿ ಎರಡು ವಾರ ರಜೆ ಸಿಗುತ್ತದೆ. ಪಶ್ಚಿಮ ಕೀನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ಕಡೆಯ ಹಳ್ಳಿಯೊಂದರಲ್ಲಿ ಹೆಂಗಸರ ಹೊಲಿಗೆ ಸಂಘ ಇದೆಯಂತೆ. ಒಂದು ಏಜೆನ್ಸಿ ಅಲ್ಲಿಗೆ ಸ್ವಯಂಸೇವಕರನ್ನು ಕಳಿಸುತ್ತದೆ. ಊಟ, ವಸತಿ, ಓಡಾಟ ಎಲ್ಲ ಸೇರಿಸಿ ಅವರು ಕೇಳುತ್ತಿರುವುದು ನನ್ನ ಒಂದೂವರೆ ತಿಂಗಳ ಸಂಬಳ. ವಿಮಾನದ ಟಿಕೆಟ್ ಬೇರೆ.

ಕೆಲಸ ಏನು ಅಂತ ಕೇಳಿದೆ. "ಮಹಿಳೆಯರಿಗೆ ಹೊಲಿಗೆ ಕಲಿಸುವುದು" ಅಂದರು. ನಿಜ ಹೇಳಬೇಕಂದರೆ ನನಗೆ ಬರುವುದು ಸೀರೆಗೆ ಫಾಲ್ ಹಚ್ಚುವುದು, ಗುಂಡಿ ಹಾಕುವುದು ಅಷ್ಟೇ. ಪಿಯುಸಿ ರಜೆಯಲ್ಲಿ ಅವ್ವನ ಒತ್ತಾಯಕ್ಕೆ ಒಂದು ತಿಂಗಳು ಟೈಲರಿಂಗ್ ಕ್ಲಾಸಿಗೆ ಹೋಗಿದ್ದೆ. ಬ್ಲೌಸಿನ ತೋಳಿಗೆ ಬಂದಾಗ ಬಿಟ್ಟುಬಿಟ್ಟೆ. ಆದರೂ ಹೋಗಬೇಕು ಅಂತ ಮನಸ್ಸು ಎಳೆಯುತ್ತಿದೆ. ಏನಂತೀರಿ?

ಸುಮ್ನೆ_ಕೇಳ್ದೆ · ಭಾನುವಾರ ರಾತ್ರಿ

ಬ್ಲೌಸಿಗೆ ತೋಳು ಕೂರಿಸಲು ಬಾರದವರು ಸಮುದ್ರ ದಾಟಿ ಹೊಲಿಗೆ ಕಲಿಸುವುದಾ? ಬೇಜಾರು ಮಾಡ್ಕೋಬೇಡಿ. ಆ ಹಣಕ್ಕೆ ಎಷ್ಟು ಮಷೀನ್ ಬರುತ್ತೆ ಲೆಕ್ಕ ಹಾಕಿ, ಅದನ್ನೇ ಕಳಿಸಿಬಿಡಿ. ಫೋಟೋ ಒಂದು ಸಿಗಲ್ಲ, ಅಷ್ಟೇ.

ಹುಬ್ಬಳ್ಳಿ_ಹುಡುಗಿ · ಭಾನುವಾರ ರಾತ್ರಿ

ಬೇಜಾರಾಯಿತು. ಆದರೆ ಪ್ರಶ್ನೆ ಸರಿಯಾಗಿದೆ. ಅದಕ್ಕೇ ಇಲ್ಲಿ ಕೇಳಿದ್ದು.

ಬಾಬಿನ್_ಅಕ್ಕ · ಸೋಮವಾರ ಬೆಳಗ್ಗೆ

ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ನನ್ನ ಯಜಮಾನರಿಗೆ ಕಿಸುಮು ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಇತ್ತು. ಅವರ ಜೊತೆ ಹೋದವಳು ನಾನು. ಮನೆಯಲ್ಲಿ ಕೂತು ಬೇಜಾರಾಗಿ ಪಕ್ಕದ ಹಳ್ಳಿಯ ಹೊಲಿಗೆ ಸಂಘಕ್ಕೆ ವಾರಕ್ಕೆ ನಾಲ್ಕು ದಿನದಂತೆ ಐದು ತಿಂಗಳು ಹೋದೆ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ 11 ವರ್ಷ ಗಾರ್ಮೆಂಟ್ಸ್. ಮೊದಲು ಹೆಲ್ಪರ್, ಆಮೇಲೆ ಟೈಲರ್, ಕೊನೆಗೆ ಚೆಕಿಂಗ್. ಹಾಗಾಗಿ ಕಲಿಸಿಯೇ ಬಿಡುತ್ತೇನೆ ಅಂತ ಜಂಬದಲ್ಲೇ ಹೋಗಿದ್ದೆ.

ಮೊದಲ ದಿನ ಶರ್ಟಿನ ಕಾಲರ್ ಹೊಲಿದು ತೋರಿಸಿದೆ. ಎಲ್ಲರೂ ಮರ್ಯಾದೆಗೆ ನೋಡಿದರು. ಆಮೇಲೆ ಅರವತ್ತು ದಾಟಿದ ಅಜ್ಜಿಯೊಬ್ಬರು ಬಟ್ಟೆ ಮಡಿಸಿ, ಸವೆದ ಸಾಬೂನಿನ ಚೂರಿನಲ್ಲಿ ನಾಲ್ಕು ಗೆರೆ ಎಳೆದು, ಪೇಪರ್ ಪ್ಯಾಟರ್ನ್ ಇಲ್ಲದೆ ಸ್ಕರ್ಟ್ ಕತ್ತರಿಸಿದರು. ನೆರಿಗೆಯ ಅಗಲಕ್ಕೆ ಟೇಪು ಇಲ್ಲ, ಎರಡು ಬೆರಳು. ಹೊಲಿದ ಮೇಲೆ ನಾನು ಟೇಪು ಹಿಡಿದು ನೋಡಿದೆ. ನೆರಿಗೆಗಳಲ್ಲಿ ಒಂದು ದಾರದಷ್ಟೂ ವ್ಯತ್ಯಾಸ ಇಲ್ಲ. ಟೇಪು ಸುತ್ತಿ ಚೀಲಕ್ಕೆ ಹಾಕಿದೆ.

ಹೊಲಿಗೆ ಅವರಿಗೆ ಬರುತ್ತದೆ ತಂಗಿ. ಕಷ್ಟ ಇರುವುದು ಹೊಲಿಗೆಯ ಆಚೆ ಈಚೆ.

ಒಂದು ಉದಾಹರಣೆ. ಒಂದು ಶಾಲೆಗೆ 60 ಹಸಿರು ಸ್ಕರ್ಟ್ ಆರ್ಡರ್ ಇತ್ತು. ಕೈಯಲ್ಲಿ ಹಣ ಸಾಲದೆ ಬಟ್ಟೆಯನ್ನು ಎರಡು ಸಲ ತಂದಿದ್ದರು. ಸಂಘದ ಕೋಣೆಗೆ ಇರುವುದು ಒಂದೇ ಕಿಟಕಿ, ಒಳಗೆ ಎರಡೂ ಥಾನು ಒಂದೇ ಹಸಿರು. ಶಾಲೆಯ ಅಂಗಳದ ಬಿಸಿಲಲ್ಲಿ ಮಕ್ಕಳು ಸಾಲಾಗಿ ನಿಂತರು ನೋಡಿ, ಒಂದು ಬೇವಿನೆಲೆ, ಇನ್ನೊಂದು ಬಾಳೆ ಎಲೆ! ಕೆಲವು ಸ್ಕರ್ಟ್‌ಗಳಲ್ಲಿ ಮುಂದಿನ ಭಾಗ ಒಂದು ಶೇಡ್, ಹಿಂದಿನದು ಇನ್ನೊಂದು. 22 ಸ್ಕರ್ಟ್ ವಾಪಸ್ ಬಂತು. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಮಾಡಿ ಬಂದ ನಾನೂ ಆ ಕೋಣೆಯಲ್ಲೇ ಕೂತಿದ್ದೆ, ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಹೊಸ ದೇಶ, ಮಾತು ಬಾರದು, ಗಮನವೆಲ್ಲ ಬೇರೆ ಕಡೆ.

ಆಮೇಲೆ ಗಾರ್ಮೆಂಟ್ಸ್‌ನ ಎರಡು ಅಭ್ಯಾಸ ಅಲ್ಲಿ ಶುರು ಮಾಡಿದೆವು. ಬಟ್ಟೆ ಬಂದ ದಿನವೇ ಒಂದು ಚೂರು ಕತ್ತರಿಸಿ ತಾರೀಕು, ಅಂಗಡಿ ಬರೆದು ನೋಟ್‌ಬುಕ್ಕಿಗೆ ಪಿನ್ ಹೊಡೆಯುವುದು. ಒಂದು ಸ್ಕರ್ಟಿನ ತುಂಡೆಲ್ಲ ಒಂದೇ ಥಾನಿನಿಂದ ತೆಗೆದು, ಹಿಂಬದಿಗೆ ಒಂದೇ ನಂಬರ್ ಹಾಕುವುದು. ನಾನು ಕಲಿಸಿದ್ದು ಅಂತ ಎದೆ ಮುಟ್ಟಿ ಹೇಳಬಹುದಾದದ್ದು ಇಷ್ಟೇ. ಇದಕ್ಕೆ ಐದು ತಿಂಗಳು ಬೇಕಿರಲಿಲ್ಲ. ಆದರೆ ಆ ಸ್ಕರ್ಟ್ ವಾಪಸ್ ಬರುವ ದಿನ ಅಲ್ಲಿ ಇರಬೇಕಿತ್ತು, ಅಲ್ವಾ?

ಸುಮ್ನೆ_ಕೇಳ್ದೆ · ಸೋಮವಾರ ಮಧ್ಯಾಹ್ನ

ಅಕ್ಕ, ಇದು ಇಷ್ಟವಾಯಿತು. ಆದರೆ ಇನ್ನೊಂದು ಅನುಮಾನ. ಆಫ್ರಿಕಾದಲ್ಲಿ ಹಳೇ ಬಟ್ಟೆ ಮೂಟೆಗಟ್ಟಲೆ ಬಂದು ಬೀಳುತ್ತೆ ಅಂತ ಓದಿದ್ದೇನೆ. ಅಷ್ಟು ಅಗ್ಗಕ್ಕೆ ಸಿಗುವಾಗ ಹೊಸದನ್ನು ಯಾರು ಹೊಲಿಸುತ್ತಾರೆ?

ನೈರೋಬಿ_ನಿವಾಸಿ · ಸೋಮವಾರ ಸಂಜೆ

ಇದಕ್ಕೆ ನಾನು ಉತ್ತರಿಸುತ್ತೇನೆ, ಇಲ್ಲಿಗೆ ಬಂದು 9 ವರ್ಷ ಆಯಿತು. ಹಳೇ ಬಟ್ಟೆಗೆ ಇಲ್ಲಿ ಮಿಟುಂಬಾ ಅಂತಾರೆ. ನೈರೋಬಿಯ ಗಿಕೊಂಬಾ ಮಾರುಕಟ್ಟೆಗೆ ಒಂದು ಬೆಳಗ್ಗೆ ಹೋಗಿ ನೋಡಿ, ನಮ್ಮ ಭಾನುವಾರದ ಸಂತೆಯ ಹತ್ತು ಪಟ್ಟು ಗದ್ದಲ. ಯುರೋಪ್, ಅಮೆರಿಕ, ಚೀನಾದಿಂದ ಬರುತ್ತದೆ. ನಮ್ಮ ಗುಜರಾತಿನ ಕಾಂಡ್ಲಾದಲ್ಲಿ ಹಳೇ ಬಟ್ಟೆ ವಿಂಗಡಿಸಿ ಆಫ್ರಿಕಾಕ್ಕೆ ಕಳಿಸುವವರೂ ಇದ್ದಾರೆ. ನಾವೇನೂ ಇದರಿಂದ ಹೊರಗಿಲ್ಲ.

2016ರಲ್ಲಿ ಪೂರ್ವ ಆಫ್ರಿಕಾದ ದೇಶಗಳು ಸೇರಿ, 2019ರ ಹೊತ್ತಿಗೆ ಇದನ್ನು ನಿಲ್ಲಿಸೋಣ ಅಂತ ತೀರ್ಮಾನ ಮಾಡಿದ್ದವು. ಹಾಗೆ ಮಾಡಿದರೆ, ತೆರಿಗೆ ಇಲ್ಲದೆ ತನ್ನಲ್ಲಿ ಮಾರಲು ನಿಮಗಿರುವ ಸವಲತ್ತು ತೆಗೆಯಬೇಕಾಗುತ್ತದೆ ಅಂತ ಅಮೆರಿಕ ಗದರಿಸಿತು. ಕೀನ್ಯಾ ಹಿಂದೆ ಸರಿಯಿತು. ರುವಾಂಡಾ ಮಾತ್ರ ಜಗ್ಗಲಿಲ್ಲ, ಕಿಲೋಗೆ 20 ಸೆಂಟ್ ಇದ್ದ ಸುಂಕವನ್ನು ಎರಡೂವರೆ ಡಾಲರ್ ಮಾಡಿತು. 2018ರಲ್ಲಿ ಅದರ ಉಡುಪಿಗೆ ಅಮೆರಿಕದಲ್ಲಿದ್ದ ಸವಲತ್ತು ಹೋಯಿತು.

ಹಾಗಾದರೆ ಹಳ್ಳಿಯ ಟೈಲರ್ ಹೇಗೆ ಬದುಕುತ್ತಾಳೆ? ಮೂಟೆಯಲ್ಲಿ ಬಾರದ ಬಟ್ಟೆ ಹೊಲಿದು. ಒಂದು, ಶಾಲೆಯ ಸಮವಸ್ತ್ರ. ಪ್ರತಿ ಶಾಲೆಗೂ ಬೇರೆ ಬಣ್ಣ, ಅದು ಯುರೋಪಿನ ಮೂಟೆಯಲ್ಲಿ ಎಲ್ಲಿ ಸಿಗಬೇಕು? 2003ರಲ್ಲಿ ಸರ್ಕಾರ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದಾಗ ಮಕ್ಕಳು ಹಿಂಡು ಹಿಂಡಾಗಿ ಶಾಲೆಗೆ ಬಂದರು. ಶುಲ್ಕ ಹೋಯಿತು, ಸಮವಸ್ತ್ರದ ಖರ್ಚು ಮನೆಯವರ ತಲೆ ಮೇಲೇ ಉಳಿಯಿತು. ಎರಡನೆಯದು ಕಿಟೆಂಗೆ, ಬಣ್ಣದ ಚಿತ್ರ ಅಚ್ಚು ಹಾಕಿದ ಹತ್ತಿ ಬಟ್ಟೆ. ಮದುವೆಗೆ, ಸಾವಿನ ಕಾರ್ಯಕ್ಕೆ, ಚರ್ಚಿನ ಹೆಂಗಸರ ಗುಂಪಿಗೆ ಎಲ್ಲರೂ ಒಂದೇ ಚಿತ್ರದ ಬಟ್ಟೆ ಹೊಲಿಸುತ್ತಾರೆ. ಮೂರನೆಯದು ತಮಾಷೆ, ಆ ಹಳೇ ಪ್ಯಾಂಟುಗಳನ್ನೇ ಬಿಚ್ಚಿ ಚಿಕ್ಕದು ಮಾಡಿಕೊಡುವ ಕೆಲಸ.

ಇನ್ನೊಂದು ಮಾತು, ವಿಷಯಕ್ಕೆ ಸಂಬಂಧ ಇಲ್ಲದಿದ್ದರೂ. ಸ್ವಾಹಿಲಿ ಕಲಿಯಲು ಹೆದರಬೇಡಿ. ಅಂಗಡಿ ಅಂದರೆ ದುಕಾ, ವಾಹನ ಗಾರಿ, ದುಡ್ಡು ಪೇಸಾ, ಲಕ್ಷಕ್ಕೆ ಲಾಕಿ, ಚಪಾತಿಗೆ ಚಪಾತಿಯೇ. ಹೊಲಿಗೆ ಮಷೀನಿಗೆ ಚೆರೆಹಾನಿ. ಮೊದಲ ಸಲ ಕೇಳಿದಾಗ ಚರಕ ಅಂದರೇನೋ ಅಂತ ತಿರುಗಿ ನೋಡಿದ್ದೆ. ಮೊಂಬಾಸಾದಿಂದ ಕಿಸುಮುವಿಗೆ 1901ರಲ್ಲಿ ರೈಲು ಮುಟ್ಟಿತು. ಆ ಹಳಿ ಹಾಕಲು ನಮ್ಮ ದೇಶದಿಂದ ಸುಮಾರು 32 ಸಾವಿರ ಕೂಲಿಗಳು ಬಂದಿದ್ದರು, ಅವರ ಹಿಂದೆಯೇ ಅಂಗಡಿಯವರು. 2017ರಲ್ಲಿ ಇಲ್ಲಿನ ಸರ್ಕಾರ ಭಾರತೀಯ ಮೂಲದವರನ್ನು ದೇಶದ 44ನೇ ಬುಡಕಟ್ಟು ಅಂತ ಘೋಷಿಸಿತು. ಹಾಗಂತ ಹಳ್ಳಿಗೆ ಹೋದಾಗ ನಿಮ್ಮನ್ನು ಮನೆ ಮಗಳು ಅಂತ ನೋಡುವುದಿಲ್ಲ. ದೊಡ್ಡ ಅಂಗಡಿಯ ಯಜಮಾನರ ಕಡೆಯವಳು ಅಂತಲೇ ಮೊದಲು ನೋಡುತ್ತಾರೆ.

ಬಾಬಿನ್_ಅಕ್ಕ · ಸೋಮವಾರ ರಾತ್ರಿ

ಕೊನೆಯ ಮಾತು ನೂರಕ್ಕೆ ನೂರು ನಿಜ. ಬಟ್ಟೆ ಯಾವ ಅಂಗಡಿಯಲ್ಲಿ ಕಡಿಮೆಗೆ ಕೊಡಿಸ್ತೀಯ ಅಂತ ಮೂರನೇ ದಿನವೇ ಕೇಳಿದರು. ನನಗೆ ಅಲ್ಲಿ ಒಬ್ಬ ಅಂಗಡಿಯವನೂ ಗೊತ್ತಿರಲಿಲ್ಲ!

ಬೆಲೆಯ ವಿಷಯ ಬರೆಯುವುದು ಮರೆತಿದ್ದೆ. ಒಂದು ಸ್ಕರ್ಟ್ 400 ಶಿಲ್ಲಿಂಗ್‌ಗೆ ಕೊಡುತ್ತಿದ್ದರು. ಲಾಭ ಇದೆಯಾ ಅಂದರೆ "ಇದೆ" ಅನ್ನುತ್ತಿದ್ದರು. ಹಣ ಬಂದಾಗ ಕೈ ತುಂಬುತ್ತಿತ್ತಲ್ಲ, ಅದಕ್ಕೆ. ಒಂದು ಮಧ್ಯಾಹ್ನ ನೆಲದ ಮೇಲೆ 40 ಮೆಕ್ಕೆಜೋಳದ ಕಾಳು ಸುರಿದೆವು. ಒಂದು ಕಾಳು ಹತ್ತು ಶಿಲ್ಲಿಂಗ್. ಬಟ್ಟೆಗೆ 25 ಕಾಳು ಆ ಕಡೆ ಹೋಯಿತು. ಜಿಪ್‌ಗೆ 2. ದಾರ, ಹುಕ್ಕು ಸೇರಿ 2. ಬಟ್ಟೆ ತರಲು ಕೊಟ್ಟ ಮಟಾಟು ವ್ಯಾನಿನ ಬಾಡಿಗೆಯ ಪಾಲು 3. ಉಳಿದದ್ದು 8 ಕಾಳು. ಕತ್ತರಿಸುವವರು ಒಬ್ಬರು, ಹೊಲಿಯುವವರು ಒಬ್ಬರು, ಇದ್ದಿಲು ಇಸ್ತ್ರಿ ಪೆಟ್ಟಿಗೆಯಲ್ಲಿ ನೆರಿಗೆ ಕೂರಿಸುವವರು ಒಬ್ಬರು. ಮೂವರಿಗೆ ಎಂಟು ಕಾಳು. ಅಷ್ಟರಲ್ಲಿ ಯಾರೋ "ಇದ್ದಿಲು?" ಅಂದರು. ಒಂದು ಕಾಳು ಹೋಯಿತು. "ಮಷೀನಿನ ಎಣ್ಣೆ?" ಇನ್ನೊಂದು. ಎರಡು ಬೆರಳಿನಲ್ಲಿ ನೆರಿಗೆ ಅಳೆದಿದ್ದ ಆ ಅಜ್ಜಿ ಏನೂ ಮಾತಾಡಲಿಲ್ಲ. ಉಳಿದ ಆರು ಕಾಳನ್ನು ಬಾಚಿ ಬಾಗಿಲಲ್ಲಿದ್ದ ಕೋಳಿಗೆ ಎಸೆದುಬಿಟ್ಟರು.

ಮುಂದಿನ ಸಲ 450 ಹೇಳಿದೆವು. ಒಂದು ಶಾಲೆ ಒಪ್ಪಿತು. ಇನ್ನೊಂದು ಬೇರೆ ಟೈಲರ್ ಹತ್ತಿರ ಹೋಯಿತು, ವಾಪಸ್ ಬರಲೇ ಇಲ್ಲ. ಆ ಆರ್ಡರ್ ಹೋದದ್ದಕ್ಕೆ ಇಬ್ಬರು ನನ್ನ ಜೊತೆ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಅದೂ ಸರಿಯೇ. ನಾನು ಐದು ತಿಂಗಳಿಗೆ ಹೊರಡುವವಳು.

ಟೈಲರ್_ಮಾವ · ಮಂಗಳವಾರ ಬೆಳಗ್ಗೆ

ದಾವಣಗೆರೆಯಲ್ಲಿ 38 ವರ್ಷದಿಂದ ಟೈಲರ್. ಆಫ್ರಿಕಾ ನೋಡಿಲ್ಲ, ಮಷೀನ್ ನೋಡಿದ್ದೇನೆ. ಅಲ್ಲಿ ಯಾವ ಮಷೀನ್ ಇದೆಯಮ್ಮ? ಕಾಲಲ್ಲಿ ತುಳಿಯುವ ಕಪ್ಪು ತಲೆಯದಾ?

ಬಾಬಿನ್_ಅಕ್ಕ · ಮಂಗಳವಾರ ಮಧ್ಯಾಹ್ನ

ಹೌದು ಮಾವ. ಸಿಂಗರ್ ಎರಡು, ಚೀನಾದ ಬಟರ್‌ಫ್ಲೈ ಐದು, ಎಲ್ಲ ಕಾಲಿನವೇ. ಅದಲ್ಲದೆ ಮೂಲೆಯಲ್ಲಿ ಟಾರ್ಪಾಲ್ ಹೊದಿಸಿ ಒಂಬತ್ತು ಕರೆಂಟ್ ಮಷೀನ್ ಇಟ್ಟಿದ್ದರು, ಅಮೆರಿಕದಿಂದ ದಾನ ಬಂದವು. 110 ವೋಲ್ಟಿನವು. ಅಲ್ಲಿ ಕರೆಂಟ್ 240. ಮೊದಲನೆಯದನ್ನು ಹಾಕಿದ ದಿನವೇ ಹೊಗೆ ಬಂದು ಸುಟ್ಟಿತಂತೆ, ಉಳಿದ ಎಂಟನ್ನು ಯಾರೂ ಮುಟ್ಟಿಲ್ಲ. ಬಿಸಾಡಲೂ ಆಗದು, ದಾನಿಗಳು ನೋಡಲು ಬಂದರೆ ಏನು ಹೇಳುವುದು? ವರ್ಷಕ್ಕೊಮ್ಮೆ ಧೂಳು ಹೊಡೆಯುತ್ತಾರೆ.

ಸುಮ್ನೆ_ಕೇಳ್ದೆ ಅವರೇ, ಮಷೀನ್ ಕಳಿಸಿ ಅಂದಿರಲ್ಲ, ಅದಕ್ಕೆ ಹೇಳಿದೆ.

ಟೈಲರ್_ಮಾವ · ಮಂಗಳವಾರ ರಾತ್ರಿ

ಹಾಗಿದ್ದರೆ ಈ ಹುಡುಗಿ ಹೊಲಿಗೆ ಕಲಿಯುವ ಮೊದಲು ಮಷೀನ್ ಬಿಚ್ಚಿ ಕಟ್ಟುವುದು ಕಲಿಯಲಿ. ನಿಮ್ಮ ಓಣಿಯಲ್ಲಿ ಮಷೀನ್ ರಿಪೇರಿಯವರು ಯಾರಾದರೂ ಇರುತ್ತಾರೆ. ನಾಲ್ಕು ಭಾನುವಾರ ಅವರ ಅಂಗಡಿಯಲ್ಲಿ ಕೂತುಕೋ ಮಗಳೇ, ಚಹಾ ತರಿಸಿಕೊಡು, ಸಾಕು.

ಕಾಲಿನ ಮಷೀನಿನಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಒಂದೇ. ಗಾಲಿ ಹಿಮ್ಮುಖ ತಿರುಗುತ್ತದೆ, ದಾರ ಸಿಕ್ಕಿ ಹರಿಯುತ್ತದೆ. ಮೊದಲು ಬಲಗೈಯಲ್ಲಿ ಗಾಲಿಯನ್ನು ನಿನ್ನ ಕಡೆಗೆ ತಿರುಗಿಸು, ಆಮೇಲೆ ಕಾಲು ತುಳಿ. ದಾರವನ್ನೇ ಹಾಕದೆ ಹಳೇ ಪೇಪರ್ ಮೇಲೆ ಗೆರೆ ಹಿಡಿದು ಓಡಿಸಿ ಅಭ್ಯಾಸ ಮಾಡು. ಮಳೆಗಾಲದಲ್ಲಿ ಚರ್ಮದ ಬೆಲ್ಟ್ ಜಗ್ಗುತ್ತದೆ. ಅರ್ಧ ಇಂಚು ಕತ್ತರಿಸಿ ಕೊಂಡಿ ಮತ್ತೆ ಹಾಕಿದರೆ ಬಿಗಿ. ಅಡುಗೆ ಎಣ್ಣೆ ಬಿಟ್ಟಿದ್ದಾರಾ ನೋಡು. ಬಿಟ್ಟರೆ ನಾಲ್ಕು ದಿನ ಜಾರುತ್ತದೆ, ಐದನೇ ದಿನ ಅಂಟು. ಸೀಮೆಎಣ್ಣೆಯಲ್ಲಿ ತೊಳೆದು ಮಷೀನಿನ ಎಣ್ಣೆಯನ್ನೇ ಹಾಕಬೇಕು.

ಚಿಕ್ಕಪೇಟೆಯಲ್ಲಿ 14, 16 ನಂಬರಿನ ಸೂಜಿ ಒಂದಿಷ್ಟು ಪಾಕೆಟ್, ಕೆಳಗಿನ ದಾರ ಸುತ್ತುವ ಬಾಬಿನ್, ಅದು ಕೂರುವ ಬಾಬಿನ್ ಕೇಸ್ ತಗೋ. ಎಲ್ಲ ಸೇರಿ ಒಂದು ಟಿಫನ್ ಡಬ್ಬಿಯಷ್ಟು ಆಗುವುದಿಲ್ಲ. ಆದರೆ ಮೊದಲು ಅವರ ಬಾಬಿನ್ ಕೇಸಿನ ಫೋಟೋ ತರಿಸಿ, ಅಂಗಡಿಯವನಿಗೆ ತೋರಿಸಿ ತಗೋ. ಮೇಲೆ ನೋಡಿದರೆ ಎಲ್ಲ ಒಂದೇ ಥರ, ಕೂರಿಸಿದಾಗ ಕೂರುವುದಿಲ್ಲ.

ಹಾವೇರಿ_ಸಂಘದಕ್ಕ · ಬುಧವಾರ

ನಮ್ಮ ಸ್ತ್ರೀಶಕ್ತಿ ಸಂಘದಲ್ಲೂ 14 ಮಂದಿ ಹೊಲಿಗೆಯವರು ಇದ್ದೇವೆ. ಕಾಳಿನ ಲೆಕ್ಕ ಓದಿ ನಕ್ಕು ನಕ್ಕು ಸಾಕಾಯಿತು, ನಮ್ಮದೂ ಅದೇ ಕಥೆ! ಶಾಲೆಯವರು ಅಲ್ಲಿ ಹಣ ಸರಿಯಾಗಿ ಕೊಡ್ತಾರಾ? ಉಳಿತಾಯ ಹೇಗೆ ಮಾಡ್ತಾರೆ, ನಮ್ಮ ಹಾಗೆ ಚೀಟಿ ಹಾಕ್ತಾರಾ? ಬಟ್ಟೆಯ ಪ್ಯಾಡ್ ಹೊಲಿದು ಮಾರಬಹುದಲ್ಲ?

ಬಾಬಿನ್_ಅಕ್ಕ · ಬುಧವಾರ ರಾತ್ರಿ

ಚೀಟಿ ಇದೆ ಅಕ್ಕ, ಅಲ್ಲಿ ಅದಕ್ಕೆ ಚಾಮಾ ಅಂತಾರೆ. ಅದರ ಜೊತೆ ಒಂದು ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಮೂರು ಬೀಗ, ಮೂರು ಕೀಲಿ, ಮೂವರ ಹತ್ತಿರ. ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಎಲ್ಲರೂ ಸೇರಿದ ದಿನ ಮಾತ್ರ ತೆಗೆಯುವುದು. ಆಫ್ರಿಕಾದ ಬೇರೆ ದೇಶಗಳಲ್ಲೂ ಈ ಪದ್ಧತಿ ಇದೆ, 1991ರಲ್ಲಿ ನೈಜರ್ ದೇಶದಲ್ಲಿ ಶುರುವಾದದ್ದಂತೆ. ಒಂದು ವಾರ ಕೀಲಿ ಇದ್ದವರೊಬ್ಬರು ತವರಿಗೆ ಹೋಗಿಬಿಟ್ಟರು, ದಾರ ತರಲು ಹಣ ಇಲ್ಲ. ಹಣ ಎದುರಿಗೇ ಪೆಟ್ಟಿಗೆಯಲ್ಲಿ!

ಶಾಲೆಯವರು ಹಣ ಕೊಡುವುದು ಪೋಷಕರು ಕೊಟ್ಟ ಮೇಲೆ. ಪೋಷಕರು ಕೊಡುವುದು ಬೆಳೆ ಮಾರಿದ ಮೇಲೆ. ಜನವರಿಯಲ್ಲಿ ಕೊಟ್ಟ ಸ್ಕರ್ಟಿನ ದುಡ್ಡು ಜುಲೈಗೂ ಬಂದಿರಲಿಲ್ಲ. ಬಂದದ್ದು ಖಜಾಂಚಿಯ ಸ್ವಂತ ಫೋನಿನ ಎಂ-ಪೆಸಾಗೆ, ಅಂದರೆ ಮೊಬೈಲ್ ಹಣದ ಖಾತೆಗೆ ಬರುತ್ತದೆ, ಮನೆಯ ಹಣದ ಜೊತೆ ಕಲಸಿಹೋಗುತ್ತದೆ. ಕದಿಯುವ ಉದ್ದೇಶ ಖಂಡಿತ ಇಲ್ಲ. ಆದರೆ ಯಾವುದು ಯಾರದ್ದು ಅಂತ ಆಮೇಲೆ ಗೊತ್ತಾಗುವುದಿಲ್ಲ. ಸಂಘದಲ್ಲಿ ಜಗಳ ಆದದ್ದೆಲ್ಲ ಇದಕ್ಕೇ.

ಪ್ಯಾಡ್ ಹೊಲಿಯುತ್ತಾರೆ. ಒಳಗೆ ನೀರು ಸೋರದ ಪದರ ಹಾಕಬೇಕು, ಆ ಬಟ್ಟೆ ಹಳ್ಳಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಗುಂಡುಪಿನ್ ಚುಚ್ಚಿದರೆ ಆ ತೂತಿನಲ್ಲೇ ಸೋರುತ್ತದೆ, ಬಟ್ಟೆಯ ಕ್ಲಿಪ್ ಹಾಕಿ ಹಿಡಿಯಬೇಕು. ಪ್ಯಾಡ್ ಮೇಲಿನ ಮಾರಾಟ ತೆರಿಗೆಯನ್ನು ಕೀನ್ಯಾ 2004ರಲ್ಲೇ ತೆಗೆದಿತ್ತು. ನಾವು ಅದೇ ಕೆಲಸ ಮಾಡಿದ್ದು 2018ರಲ್ಲಿ.

ಇನ್ನು ತಂಗಿ, ನೀವು ಏಪ್ರಿಲ್ ಅಂದಿರಿ. ಅಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಎಲ್ಲರೂ ಹೊಲದಲ್ಲಿ. ಮಷೀನ್ ಮುಂದೆ ಯಾರೂ ಇರುವುದಿಲ್ಲ. ನಾನಿದ್ದಾಗ ಏಪ್ರಿಲ್‌ನಲ್ಲಿ ಬೇರೆ ದೇಶದ ಇಬ್ಬರು ಹುಡುಗಿಯರು ಹೀಗೇ ಎರಡು ವಾರಕ್ಕೆ ಬಂದಿದ್ದರು. ಎಂಟು ದಿನ ಸಂಘದ ಬೀಗವೇ ತೆಗೆದಿರಲಿಲ್ಲ. ಅದರಲ್ಲಿ ಮೂರು ದಿನ ಊರಲ್ಲೊಂದು ಸಾವು, ಅಲ್ಲಿ ಸಾವೆಂದರೆ ಊರಿಗೆ ಊರೇ ಹೋಗಬೇಕು. ಕೊನೆಗೆ ಬೇಸರ ಮಾಡ್ಕೋತಾರೆ ಅಂತ ಆರು ಹೆಂಗಸರು ಕಳೆ ಕೀಳುವುದು ಬಿಟ್ಟು ಬಂದು, ಬಾರದವರಂತೆ ಕೂತು, ಅವರಿಂದ ಚೀಲ ಹೊಲಿಯುವುದು ಕಲಿತರು. ನಾನು ಅಲ್ಲೇ ಇದ್ದೆ. ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಹುಬ್ಬಳ್ಳಿ_ಹುಡುಗಿ · ಗುರುವಾರ ರಾತ್ರಿ

ಆ ಏಜೆನ್ಸಿಗೆ ಎರಡು ಪ್ರಶ್ನೆ ಕಳಿಸಿದ್ದೆ. ನಾನು ಕೊಡುವ ಹಣದಲ್ಲಿ ಸಂಘಕ್ಕೆ ಎಷ್ಟು ಹೋಗುತ್ತದೆ? ಏಪ್ರಿಲ್‌ನಲ್ಲಿ ಹೆಂಗಸರು ಕೆಲಸಕ್ಕೆ ಬರುತ್ತಾರಾ? ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ "ನೀವು ಬಂದಾಗ ಬರುತ್ತಾರೆ" ಅಂದರು. ಅಕ್ಕ ಬರೆದದ್ದು ಓದಿರದಿದ್ದರೆ ಖುಷಿ ಪಡುತ್ತಿದ್ದೆ. ಬೇಡ ಅಂದೆ.

ಅಕ್ಕ, ನಿಮ್ಮ ಸಂಘದವರಿಗೆ ನನ್ನಂಥವಳು ಏನಾದರೂ ಉಪಯೋಗ ಆಗ್ತಾಳಾ ಅಂತ ಕೇಳ್ತೀರಾ? ಹೊಲಿಗೆ ಬರಲ್ಲ ಅಂತ ಮೊದಲೇ ಹೇಳಿಬಿಡಿ.

ಬಾಬಿನ್_ಅಕ್ಕ · ಮುಂದಿನ ವಾರ

ಕೇಳಿದೆ. ನೀವು ಬ್ಯಾಂಕಿನ ಕಡೆಯವರು ಅಂದೆ. ಖಜಾಂಚಿ ಫೋನಿನಲ್ಲೇ ಕಿರುಚಿದರು. ನವೆಂಬರ್, ಡಿಸೆಂಬರ್‌ನಲ್ಲಿ ಬರಬೇಕಂತೆ, ಜನವರಿಗೆ ಶಾಲೆ ಶುರುವಾಗುವ ಮೊದಲು ಸಮವಸ್ತ್ರದ ಕೆಲಸ ಜೋರು. ಎಂ-ಪೆಸಾ ಲೆಕ್ಕ ಬೇರೆ ಮಾಡಿಕೊಡಬೇಕು, ಬಾಕಿ ಇಟ್ಟಿರುವ ಶಾಲೆಗಳ ಪಟ್ಟಿ ಮಾಡಬೇಕು. ಆಮೇಲೆ "ಉದ್ದ ಜಿಪ್ ತರಲಿ, ಚಿಕ್ಕದು ಬೇಡ" ಅಂದರು.

ನೈರೋಬಿ_ನಿವಾಸಿ · ಮುಂದಿನ ವಾರ

ಎರಡು ತಿಂಗಳು ಅಂದರೆ ಕಾಗದಪತ್ರ ಸರಿ ಇರಲಿ. 2024ರಿಂದ ವೀಸಾ ಬದಲು ಇಟಿಎ ಅನ್ನುವ ಆನ್‌ಲೈನ್ ಅನುಮತಿ ಬಂದಿದೆ. ಅದನ್ನು ಪ್ರವಾಸಕ್ಕೆ ಅಂತ ತಗೊಂಡು ಕೆಲಸ ಮಾಡುವಂತಿಲ್ಲ, ಸಂಬಳ ಇಲ್ಲದಿದ್ದರೂ ಅದು ಕೆಲಸವೇ. ಸ್ವಲ್ಪ ಕಾಲ ಕೆಲಸ ಮಾಡಲು ಕೊಡುವ ಸ್ಪೆಷಲ್ ಪಾಸ್ ಬಗ್ಗೆ ಮೊದಲೇ ವಿಚಾರಿಸಿ. ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮೊದಲಾದರೂ ಆಗಿರಬೇಕು. ಇಲ್ಲಿಗೆ ಬರುವಾಗ ಬಿಡಿ, ವಾಪಸ್ ಬೆಂಗಳೂರಿನಲ್ಲಿ ಇಳಿದಾಗ ಕಾರ್ಡ್ ಇಲ್ಲದಿದ್ದರೆ ನಮ್ಮವರೇ ಹಿಡಿದು ಕೂರಿಸುತ್ತಾರೆ. ಸರೋವರದ ಕಡೆ ಮಲೇರಿಯಾ ಜಾಸ್ತಿ, ಡಾಕ್ಟರ್ ಹತ್ತಿರ ಮಾತ್ರೆ ಕೇಳಿ. ನಮ್ಮ ದುಂಡು ಪಿನ್ನಿನ ಪ್ಲಗ್ ಇಲ್ಲಿ ಕೂರುವುದಿಲ್ಲ, ಅಡಾಪ್ಟರ್ ತನ್ನಿ. ಉಪ್ಪಿನಕಾಯಿ ತಂದರೆ ನನಗೂ ಒಂದು ಬಾಟಲಿ.

ಹುಬ್ಬಳ್ಳಿ_ಹುಡುಗಿ · ನವೆಂಬರ್

ಬಂದು ಹತ್ತು ದಿನ ಆಯಿತು. ಖಜಾಂಚಿಯ ಫೋನಿನಲ್ಲಿ ಒಂದು ವರ್ಷದ ಮೆಸೇಜುಗಳನ್ನು ಇಬ್ಬರೂ ಕೂತು ಒಂದೊಂದೇ ಓದುತ್ತಿದ್ದೇವೆ. ಹಸಿರು ಪೆನ್ ಸಂಘಕ್ಕೆ, ಕೆಂಪು ಪೆನ್ ಮನೆಗೆ. ಕೆಲವಕ್ಕೆ ಅವರು ತುಂಬ ಹೊತ್ತು ಯೋಚಿಸಿ, ನನ್ನ ಮುಖ ನೋಡಿ, ಕೆಂಪು ಅಂತಾರೆ. ಕೆಲವನ್ನು ಆಮೇಲೆ ಹಸಿರು ಮಾಡಿಸ್ತಾರೆ. ನಾನು ಏನೂ ಕೇಳುವುದಿಲ್ಲ.

ಟೈಲರ್ ಮಾವ, ಅರ್ಜೆಂಟ್. ಒಂದು ಬಟರ್‌ಫ್ಲೈಯಲ್ಲಿ ಬಟ್ಟೆಯ ಕೆಳಗಡೆ ದಾರ ಗಂಟು ಗಂಟಾಗಿ ಗುಬ್ಬಿ ಗೂಡಿನಂತೆ ಆಗುತ್ತಿದೆ. ಬಾಬಿನ್ ಕೇಸ್ ಬದಲಾಯಿಸಿದೆ, ಹೋಗಲಿಲ್ಲ. ಅಜ್ಜಿ ಊರಲ್ಲಿಲ್ಲ, ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ.

ಟೈಲರ್_ಮಾವ · ನವೆಂಬರ್, ಅದೇ ಸಂಜೆ

ಗಂಟು ಕೆಳಗೆ ಬಂದರೆ ತಪ್ಪು ಮೇಲಿರುತ್ತದೆ ಮಗಳೇ. ಬಾಬಿನ್ ಮುಟ್ಟಬೇಡ. ಬಟ್ಟೆ ಅದುಮುವ ಪಾದ ಕೆಳಗೆ ಇಟ್ಟುಕೊಂಡು ದಾರ ಪೋಣಿಸಿದ್ದೀರಿ, ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿಲ್ಲ. ಪಾದ ಎತ್ತು. ದಾರ ಪೂರ್ತಿ ತೆಗೆದು ಮೊದಲಿನಿಂದ ಹಾಕು. ಆಮೇಲೆ ಪಾದ ಇಳಿಸಿ ದಾರ ಎಳೆದು ನೋಡು, ಬಿಗಿ ಹತ್ತಬೇಕು.

ಹುಬ್ಬಳ್ಳಿ_ಹುಡುಗಿ · ನವೆಂಬರ್, ಅದೇ ರಾತ್ರಿ

ಬಿಗಿ ಹತ್ತಿತು. ಹೊಲಿಗೆ ನೀಟಾಗಿ ಬೀಳುತ್ತಿದೆ. ಇಲ್ಲಿನವರು ಎರೊ ಕಮಾನೊ ಅಂತ ಹೇಳಲು ಹೇಳಿದರು, ಅವರ ಭಾಷೆಯಲ್ಲಿ ಥ್ಯಾಂಕ್ಸ್. ಮಾವ, ಆ ಮೂಲೆಯಲ್ಲಿರುವ ಎಂಟು ಅಮೆರಿಕದ ಮಷೀನುಗಳ ಮೋಟಾರ್ ಕಿತ್ತು ಕಾಲಿನ ಸ್ಟ್ಯಾಂಡಿಗೆ ಕೂರಿಸಲು ಬರುತ್ತಾ? ನಾಳೆ ಟಾರ್ಪಾಲ್ ತೆಗೆದು ಫೋಟೋ ಹಾಕುತ್ತೇನೆ.